ಶನಿವಾರದ ಹಾಡಿನ ತಾಸು

ನಮ್ಮ ಮನೆಯಲ್ಲಿ ಒಳ್ಳೆಯ ಜಾಗವೆಲ್ಲ ಮಗ್ಗದ್ದು. ಬೆಟಗೇರಿಯ ಆ ಓಣಿಯಲ್ಲಿ ಎಲ್ಲ ನೇಕಾರರ ಮನೆಗಳೂ ಹಾಗೆಯೇ ಇದ್ದವು. ಹೊಸ್ತಿಲು ದಾಟಿದರೆ ಪಡಸಾಲೆ, ಪಡಸಾಲೆಯ ತುಂಬ ಕುಣಿಮಗ್ಗ. ಇದ್ದ ಒಂದೇ ಕಿಟಕಿಯ ಬೆಳಕೂ ಮಗ್ಗಕ್ಕೇ ಸಲ್ಲುತ್ತಿತ್ತು. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಅಪ್ಪ ಕೂತನೆಂದರೆ ಸೊಂಟದ ಮೇಲಿನ ಅಪ್ಪ ಮಾತ್ರ ನಮಗೆ ಕಾಣುತ್ತಿದ್ದ. ಅಪ್ಪನಿಗೆ ಕಾಲು ಬರುವುದು ಊಟದ ಹೊತ್ತಿಗೆ ಮಾತ್ರ ಎಂದು ತೀರ ಸಣ್ಣವಳಿದ್ದಾಗ ನಾನು ನಂಬಿದ್ದೆ. ಹಿಂದಿನ ಕೋಣೆ ಅಡಿಗೆಯದು. ಅಲ್ಲಿ ಒಲೆ, ನೀರಿನ ಕೊಡ, ಜೋಳದ ಡಬ್ಬಿ ಎಲ್ಲ ತಮ್ಮ ತಮ್ಮ ಜಾಗ ಹಿಡಿದ ಮೇಲೆ ಉಳಿದದ್ದರಲ್ಲಿ ನಾವು ನಾಲ್ವರು ಮೊಣಕಾಲಿಗೆ ಮೊಣಕಾಲು ತಾಗಿಸಿ ಉಣ್ಣುತ್ತಿದ್ದೆವು. ಅವ್ವ ರೊಟ್ಟಿ ಬಡಿಯುವ ಸದ್ದು ಒಳಗಿನಿಂದ, ಮಗ್ಗದ ಹಲಗೆ ಬಡಿಯುವ ಸದ್ದು ಹೊರಗಿನಿಂದ. ಇವೆರಡು ನಿಂತರೆ ಮನೆಯಲ್ಲಿ ಯಾರಿಗೋ ಮೈಯಲ್ಲಿ ಆರಾಮವಿಲ್ಲ ಎಂದೇ ಅರ್ಥ.

ನಾನು ಮೂರನೆಯ ಇಯತ್ತೆಯವರೆಗೆ ಶಾಲೆ ಕಲಿತೆ. ಆಮೇಲೆ ಅವ್ವನಿಗೆ ಉಬ್ಬಸ ಜೋರಾಗಿ, ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುವ ಕೆಲಸ ನನ್ನ ಪಾಲಿಗೆ ಬಂತು. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ಸಣ್ಣ ನೂಲಿನ ಸುರುಳಿ. ಅಪ್ಪ ಒಂದು ಮುಗಿಸುವಷ್ಟರಲ್ಲಿ ಇನ್ನೊಂದು ಸಿದ್ಧವಿರಬೇಕು. ನನಗೆ ಬೇಸರವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನನ್ನ ಬೇಸರ ಶಾಲೆ ತಪ್ಪಿದ್ದಕ್ಕಿಂತ ಹೆಚ್ಚಾಗಿ ಮಗ್ಗ ಸಿಗದ ಬಗೆಗಿನದು. ರಾಟಿಯ ಮುಂದೆ ಯಾರು ಬೇಕಾದರೂ ಕೂಡುತ್ತಾರೆ, ಮಗ್ಗದ ಕುಣಿಗೆ ಇಳಿಯುವವರು ಬೇರೆ. ಹದಿಮೂರು ತುಂಬುವ ಹೊತ್ತಿಗೆ ಅಪ್ಪ ಊಟಕ್ಕೆ ಎದ್ದಾಗ ನಾನು ಒಂದಿಷ್ಟು ನೇಯುವುದಕ್ಕೆ ಅಪ್ಪಣೆ ಸಿಕ್ಕಿತು. ಸೀರೆಯ ದಡಿಯಲ್ಲಿ ಹೂವಿನ ಬುಟ್ಟಾ ಬರುವ ಕಡೆ ಅಲ್ಲ, ಸಾದಾ ಮೈಯ ಕಡೆ ಮಾತ್ರ. ಆ ಅಪ್ಪಣೆಯನ್ನು ನಾನು ಓಣಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಅಪ್ಪನದೊಂದು ಕಟ್ಟುನಿಟ್ಟು ಇತ್ತು. ಮಗ್ಗದ ಮೇಲೆ ಕೂತವರು ಹಾಡಬಾರದು. ಬೇರೆಯವರ ಮನೆಗಳಲ್ಲಿ ರೇಡಿಯೋ ಹಚ್ಚಿಕೊಂಡೇ ನೇಯುತ್ತಿದ್ದರು. ನೆರೆಮನೆಯ ಹುಸೇನಬಿ ಚಿಕ್ಕಮ್ಮ ನೂಲಿಗೆ ಬಣ್ಣ ಹಾಕುತ್ತ ದಿನವಿಡೀ ಹಾಡುವವರು, ಅವರು ಬಾಗಿಲಲ್ಲಿ ನಿಂತು ಅಪ್ಪನನ್ನು ಚೇಷ್ಟೆ ಮಾಡುತ್ತಿದ್ದರು.

“ಏನಣ್ಣಾ, ನಿನ್ನ ಮನ್ಯಾಗ ಮಗ್ಗಕ್ಕ ಸೂತಕ ಐತೇನು? ಒಂದ ಹಾಡಿಲ್ಲ ಹಸೆಯಿಲ್ಲ!”

“ಹಾಡು ಕಿವಿಗೆ ಬರಲೆವಾ, ಕೈಗೆ ಬರಬಾರದು,” ಎನ್ನುತ್ತಿದ್ದ ಅಪ್ಪ. “ಕೈ ಹಾಡಿನ ಹಿಂದ ಹೋತಂದ್ರ ಒಂದ ಎಳಿ ಗಟ್ಟಿ ಬೀಳತೈತಿ, ಒಂದ ಎಳಿ ಸಡ್ಲ ಬೀಳತೈತಿ. ಮಗ್ಗದ ಮ್ಯಾಲ ಕಾಣೂದಿಲ್ಲ. ಅಂಗಡ್ಯಾಗ ಬೆಳಕಿಗೆ ಹಿಡದಾಗ ಕಾಣತೈತಿ.”

ನನಗಿಂತ ಐದು ವರ್ಷ ಚಿಕ್ಕವನು ನನ್ನ ತಮ್ಮ ಮಂಜು. ಅವನು ಎರಡನೆಯ ಇಯತ್ತೆಯಲ್ಲೇ ಎರಡನೆಯ ವರ್ಷ ಕೂತಿದ್ದ. ದಡ್ಡನೇ ಎಂದರೆ ಹೇಳುವುದು ಕಷ್ಟ. ಓಣಿಯ ಎಲ್ಲ ಮಗ್ಗಗಳ ಸದ್ದನ್ನು ಕಣ್ಣು ಮುಚ್ಚಿ ಬೇರೆ ಬೇರೆ ಗುರುತಿಸುತ್ತಿದ್ದ. ಆದರೆ ಮಾಸ್ತರರು ಎದ್ದು ನಿಲ್ಲಿಸಿ ಮಗ್ಗಿ ಕೇಳಿದರೆ ಬಾಯಿ ಬಿದ್ದುಹೋಗುತ್ತಿತ್ತು. ಪಾಟಿಯ ಮೇಲೆ ‘ಹಾಲು’ ಬರೆ ಎಂದರೆ ‘ಹಲು’ ಬರೆಯುತ್ತಿದ್ದ, ‘ಕಾಗೆ’ ಬರೆ ಎಂದರೆ ‘ಕಗೆ’. ಬಡಿದರೂ ಅದೇ, ಬೆಲ್ಲ ಕೊಟ್ಟರೂ ಅದೇ. ಈ ವರ್ಷವೂ ನಪಾಸಾದರೆ ಶಾಲೆ ಬಿಡಿಸಿ ರಾಟಿಯ ಮುಂದೆ ಕೂಡಿಸುವುದೆಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದ. ಅವ್ವ ಅದಕ್ಕೆ ಒಪ್ಪಿರಲಿಲ್ಲ. ಒಪ್ಪಿಲ್ಲ ಎಂದು ಬಾಯಿಬಿಟ್ಟು ಹೇಳಿರಲೂ ಇಲ್ಲ. ರೊಟ್ಟಿಯನ್ನು ಸ್ವಲ್ಪ ಜೋರಾಗಿ ಬಡಿಯುತ್ತಿದ್ದಳು, ಅಷ್ಟೇ.

ಆ ಮಳೆಗಾಲಕ್ಕೆ ಶಾಲೆಗೆ ಹೊಸ ಅಕ್ಕೋರು, ಅಂದರೆ ಕಲಿಸುವ ಬಾಯಿ, ಬಂದರು. ಲಕ್ಷ್ಮೇಶ್ವರದವರು, ಗುಡಿಯ ಪೂಜೆಯ ಮನೆತನದವರು. ಗದಗಿನಲ್ಲಿ ಒಂದು ಕೋಣೆ ಹಿಡಿದು ಇದ್ದರು. ಅವರ ಹಿಂದೆಯೇ ಜಟಕಾದಲ್ಲಿ ಒಂದು ಹಾರ್ಮೋನಿಯಂ ಬಂತು. ಶನಿವಾರ ಮುಂಜಾನೆ ಒಂದು ತಾಸು ಹಾಡು ಎಂದು ಅವರು ಹೆಡ್‌ಮಾಸ್ತರರನ್ನು ಒಪ್ಪಿಸಿದರು. ದೇವರ ಹಾಡು, ಮಳೆಯ ಹಾಡು ಎಲ್ಲ ಇದ್ದವು. ಆದರೆ ಸಣ್ಣ ಮಕ್ಕಳಿಗೆ ಅವರು ಮಗ್ಗಿಯನ್ನೂ ರಾಗಕ್ಕೆ ಹಾಕಿದ್ದರು. ಒಂದೊಂದು ಮಗ್ಗಿಗೆ ಒಂದೊಂದು ರಾಗ. ಸಾಲಿನ ಕೊನೆಗೆ ಎರಡು ಚಪ್ಪಾಳೆ. ಅಕ್ಷರಕ್ಕೂ ಹಾಗೆಯೇ: ಗಿಡ್ಡ ಅಕ್ಷರಕ್ಕೆ ಒಂದು ಚಪ್ಪಾಳೆ, ಉದ್ದ ಅಕ್ಷರಕ್ಕೆ ಕೈ ಹಿಡಿದು ಎಳೆದು ಎರಡರಷ್ಟು ಹೊತ್ತು. ಹಾಗೆ ಮಂಜುವಿನ ಪಾಟಿಯ ಮೇಲೆ ‘ಹಾಲು’ ಸರಿಯಾಗಿ ಮೂಡತೊಡಗಿತು.

ಮಂಜು ಶನಿವಾರ ಮಧ್ಯಾಹ್ನ ಮನೆಗೆ ಬಂದು ಹೊರಗಿನ ಕಟ್ಟೆಯ ಮೇಲೆ ಕೂತು ಅದೆಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಒಪ್ಪಿಸುತ್ತಿದ್ದ. ಯಾರೂ ಕೇಳದಿದ್ದರೂ ಒಪ್ಪಿಸುತ್ತಿದ್ದ. ನಾನು ಒಳಗೆ ರಾಟಿ ತಿರುಗಿಸುತ್ತ ಕೇಳುತ್ತಿದ್ದೆ. ಮೊದಲು ನಗು ಬಂತು. ಆಮೇಲೆ ತುಟಿಗಳು ಅಲುಗಾಡತೊಡಗಿದವು. ಮೂರನೆಯ ಇಯತ್ತೆಯಲ್ಲಿ ನನಗೆ ಐದರ ಮಗ್ಗಿಯ ಆಚೆ ಏನೂ ಬಂದಿರಲಿಲ್ಲ. ಆರು, ಏಳು ಎಲ್ಲ ನನಗೆ ಬಂದದ್ದು ಆ ಕಟ್ಟೆಯಿಂದ. ಅಕ್ಷರದ ಉದ್ದ ಗಿಡ್ಡವೂ ಹಾಗೆಯೇ. ಈಗ ಇದನ್ನು ಬರೆಯುವಾಗಲೂ ಅನುಮಾನ ಬಂದ ಕಡೆ ಎಡಗೈ ತಾನಾಗಿ ತೊಡೆಯ ಮೇಲೆ ತಟ್ಟುತ್ತದೆ. ನನ್ನನ್ನು ಓದುಬರಹ ಬಲ್ಲವಳು ಎಂದು ಯಾರಾದರೂ ಕರೆದರೆ ಅದರ ಅರ್ಧ ಪುಣ್ಯ ಆ ಅಕ್ಕೋರದು, ಇನ್ನರ್ಧ ಮಂಜುವಿನದು. ಅವರ ಋಣ ನೆನೆಯದೆ ನನಗೆ ಒಂದು ಪತ್ರ ಬರೆಯಲೂ ಆಗುವುದಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಅವನನ್ನು ಪರೀಕ್ಷೆ ಮಾಡಿದ.

“ಏಳ ಆರ್ಲೆ ಎಷ್ಟಲೇ?”

ಮಂಜು ರೊಟ್ಟಿ ಕೆಳಗಿಟ್ಟ. ತೊಡೆಯ ಮೇಲೆ ಬೆರಳಾಡಿಸುತ್ತ ಬಾಯೊಳಗೇ ಏಳೊಂದರಿಂದ ಶುರು ಮಾಡಿದ.

“ಎಲ್ಲಿ ಹೊಂಟಾನಿವ?” ಎಂದ ಅಪ್ಪ ಅವ್ವನತ್ತ ನೋಡಿ.

“ತಡೀರಿ. ದಾರಿ ಸಿಕ್ಕೈತಿ, ಬರ್ತಾನ,” ಎಂದಳು ಅವ್ವ.

“ನಲವತ್ತೆರಡು!” ಎಂದ ಮಂಜು, ಎರಡು ಚಪ್ಪಾಳೆಯನ್ನೂ ಸೇರಿಸಿ. ಕೈಗೆ ಅಂಟಿದ್ದ ಪುಂಡಿಪಲ್ಯ ಅಪ್ಪನ ಮುಖಕ್ಕೆ ಸಿಡಿಯಿತು. ಅಪ್ಪ ನಕ್ಕ. ಅವನು ಊಟದ ಮಧ್ಯೆ ನಕ್ಕದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಆಗ ನನ್ನ ಎದೆಯಲ್ಲಿ ಒಂದು ಸಣ್ಣ ಮುಳ್ಳು ಆಡಿತು. ಅದನ್ನು ಮುಚ್ಚಿಡುವುದಿಲ್ಲ. ಅದೇ ಉತ್ತರ ನನಗೂ ಬಂದಿತ್ತು, ಮಂಜುವಿಗಿಂತ ಮೊದಲೇ ಬಂದಿತ್ತು. ಆದರೆ ನನ್ನನ್ನು ಯಾರೂ ಕೇಳಿರಲಿಲ್ಲ.

ಗಣೇಶ ಚವತಿ ಮುಗಿದ ವಾರ ಅಪ್ಪ ಅವ್ವ ಇಬ್ಬರೂ ಶಿರಹಟ್ಟಿಗೆ ಹೋದರು, ಅವ್ವನ ತಂಗಿಯ ಸೀಮಂತಕ್ಕೆ. ಮಗ್ಗದ ಮೇಲೆ ಅರ್ಧ ಸೀರೆ ಇತ್ತು. ಹೋಗುವಾಗ ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, “ಸರೂ, ಇವತ್ತ ಕುಣಿ ನಿಂದು. ಸಾವಕಾಶ ನೇಯಿ,” ಎಂದ. ಮಂಜು ಶಾಲೆಗೆ ಹೋದ ಮೇಲೆ ಬಾಗಿಲು ಅರ್ಧ ಮುಂದಕ್ಕೆ ಮಾಡಿ ನಾನು ಕುಣಿಗೆ ಇಳಿದೆ. ಕಿಟಕಿಯ ಬೆಳಕು ಎದುರಿಗೆ ಬಿದ್ದಿತ್ತು. ಲಾಳಿ ಆ ಕಡೆಯಿಂದ ಈ ಕಡೆಗೆ ಹಕ್ಕಿಯ ಹಾಗೆ ಓಡುತ್ತಿತ್ತು. ಅಷ್ಟು ಸಂತೋಷ ನನಗೆ ಮೊದಲು ಆಗಿರಲಿಲ್ಲ. ಸಂತೋಷಕ್ಕೆ ಬಾಯಿ ಬೇಕಲ್ಲ, ಹಾಡಿದೆ. ಏಳರ ಮಗ್ಗಿ. ಸಾಲಿನ ಕೊನೆಗೆ ಚಪ್ಪಾಳೆ ಬರುವ ಕಡೆ ಕೈಗೆ ಬಿಡುವಿಲ್ಲದ್ದರಿಂದ ಎಳೆ ಬಿಗಿಯುವ ಹಲಗೆಯನ್ನೇ ಎರಡು ಸಲ ಬಡಿದೆ. ಸಂಜೆಯವರೆಗೂ ಹೀಗೆಯೇ ನೇಯ್ದೆ. ಮರುದಿನ ಅಪ್ಪ ಬಂದು ನೋಡಿ, “ಭೇಷ್,” ಎಂದ. ಮಗ್ಗದ ಮೇಲೆ ಬಿಗಿಯಾಗಿ ಎಳೆದು ನಿಂತ ಬಟ್ಟೆಯಲ್ಲಿ ಅವನಿಗೂ ಏನೂ ಕಾಣಲಿಲ್ಲ.

ಸೀರೆ ಮುಗಿದು ಅಂಗಡಿಗೆ ಹೋಯಿತು, ಹೋದಷ್ಟೇ ಬೇಗ ಮರಳಿ ಬಂತು. ಅಪ್ಪ ಅದನ್ನು ಬಾಗಿಲಲ್ಲಿ ಬಿಸಿಲಿಗೆ ಹಿಡಿದ. ಮೈಯಲ್ಲಿ ಒಂದೇ ಅಳತೆಗೆ ದಟ್ಟ ಗೆರೆಗಳು ಬಿದ್ದಿದ್ದವು, ಮರದ ಏಣಿಯ ಮೆಟ್ಟಿಲುಗಳ ಹಾಗೆ.

“ಇದು ನೀ ನೇಯ್ದದ್ದು. ಮಗ್ಗದ ಮ್ಯಾಲ ಹಾಡಿದಿ ಏನ?”

ಹೌದು ಎಂದರೆ ಕುಣಿ ಹೋಯಿತು. ನನಗೆ ಆ ಗಳಿಗೆಯಲ್ಲಿ ಕಂಡದ್ದು ಅದೊಂದೇ. ಬಾಯಿಗೆ ಬಂದದ್ದು ಬೇರೆ.

“ನಾ ಹಾಡಿಲ್ಲಪ್ಪಾ. ಮಂಜ್ಯಾ ಶಾಲಿ ಬಿಟ್ಟ ಬಂದು ಬಾಜೂಕ ಕುಂತು ಹಾಡಾಕತ್ತಿದ್ದ. ಬ್ಯಾಡಂದ್ರೂ ಕೇಳಲಿಲ್ಲ. ನನ್ನ ಕೈ ಅದರ ಹಿಂದ ಹೋತು.”

ಅಪ್ಪ ಮಂಜುವನ್ನು ಕರೆದ. “ಹೌದೇನಲೇ?”

ಮಂಜು ನನ್ನನ್ನು ನೋಡಿದ. ಮಾಸ್ತರರ ಮುಂದೆ ನಿಂತಂತೆ ನಿಂತ. ಬಾಯಿ ಬಿದ್ದುಹೋಗಿತ್ತು. ಅಪ್ಪನಿಗೆ ಅಷ್ಟು ಸಾಕಾಯಿತು. ಬಡಿಯಲಿಲ್ಲ, ಬಯ್ಯಲೂ ಇಲ್ಲ. ಮರುದಿನ ಶಾಲೆಗೆ ಹೋಗಿ, ಹಾಡಿನ ತಾಸಿಗೆ ಹುಡುಗನನ್ನು ಕೂಡಿಸಬೇಡಿ, ಶನಿವಾರ ಅವನಿಗೆ ಮನೆಯಲ್ಲಿ ಕೆಲಸವಿದೆ ಎಂದು ಹೇಳಿ ಬಂದ.

ಆಮೇಲಿನ ಶನಿವಾರಗಳಲ್ಲಿ ಮಂಜು ನನ್ನ ಪಕ್ಕಕ್ಕೆ ಕೂತು ಕಂಡಿಕೆ ಸುತ್ತಿದ. ನನಗೆ ಅದು ಹಿತವೂ ಆಗಿತ್ತು ಎನ್ನುವುದು ಇವತ್ತು ಹೇಳಲು ನಾಚಿಕೆಯಾಗುವ ಮಾತು. ಕೆಲಸ ಹಗುರಾಯಿತು, ಮಾತಿಗೆ ಜೊತೆಯಾಯಿತು, ಊಟದ ಹೊತ್ತಿಗೆ ಕುಣಿಗಿಳಿಯುವ ಅಪ್ಪಣೆ ನನ್ನ ಬಳಿಯೇ ಉಳಿಯಿತು. ಆದರೆ ಕಟ್ಟೆ ಸುಮ್ಮನಾಯಿತು. ಹಾಡಬಾರದು ಎಂದದ್ದು ಮಗ್ಗದ ಹತ್ತಿರ ಮಾತ್ರ ಎಂದು ಅವ್ವ ತಿಳಿಸಿ ಹೇಳಿದರೂ ಅವನು ಎಲ್ಲಿಯೂ ಹಾಡಲಿಲ್ಲ. ತೊಡೆಯ ಮೇಲಿನ ಬೆರಳು ನಿಂತಿತು. ಸ್ವಲ್ಪ ದಿನಕ್ಕೆ ಪಾಟಿಯ ಮೇಲೆ ‘ಹಾಲು’ ಮತ್ತೆ ‘ಹಲು’ ಆಯಿತು. ನಾನು ಅದನ್ನು ಕಂಡೆ. ಪಾಟಿಯನ್ನು ಒರೆಸಿ ಅವನ ಚೀಲದಲ್ಲಿಟ್ಟೆ.

ದಸರೆಗೆ ಮೊದಲು ನಡೆದ ಪರೀಕ್ಷೆಯಲ್ಲಿ ಅವನು ಏನೂ ಬರೆಯದೆ ಎದ್ದು ಬಂದನಂತೆ. ಅದನ್ನು ಹೇಳಲು ಅಕ್ಕೋರು ತಾವೇ ಮನೆಗೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮಗ್ಗದ ಪಕ್ಕದ ಕಂಬಳಿಯ ಮೇಲೆ ಕೂತರು. ಅವ್ವ ಬೆಲ್ಲ ನೀರು ಕೊಟ್ಟಳು.

“ಹಾಡಿನ ತಾಸ ಬಿಡಸಬ್ಯಾಡ್ರಿ,” ಎಂದರು ಅಕ್ಕೋರು. “ಅವಗ ಬಿಡಿ ಅಂಕಿ ನೆನಪಿರೂದಿಲ್ಲ, ಸಾಲು ನೆನಪಿರ್ತಾವ. ಸಾಲಿನ ಬಾಲಾ ಹಿಡಕೊಂಡ ಅಂಕಿ ಹತ್ರ ಹೋಗ್ತಾನ. ಎಲ್ಲಾ ಹುಡುಗ್ರೂ ಒಂದ ಬಾಗಲದಾಗ ಬರೂದಿಲ್ರಿ.”

“ಹಾಡಿನ ಮ್ಯಾಲ ನನಗ ಸಿಟ್ಟಿಲ್ರಿ ಅಕ್ಕೋರೆ,” ಎಂದ ಅಪ್ಪ. “ಶಾಲ್ಯಾಗಿನ ಹಾಡು ಶಾಲ್ಯಾಗ ಇರಬೇಕು. ಇವ ಅದನ್ನ ಮನೀಗೆ ಹೊತ್ತ ತರ್ತಾನ.”

“ಮನೀಗೆ ಬರಲಿಲ್ಲಂದ್ರ ಅದು ಕಲ್ತಂಗ ಅಲ್ರಿ.”

ಅಪ್ಪ ಎದ್ದು ಆ ಸೀರೆಯನ್ನು ತಂದು ಅವರ ಮುಂದೆ ಬೆಳಕಿಗೆ ಹಿಡಿದ. ಅಕ್ಕೋರು ಗೆರೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ನಾನು ಅವರಿಂದ ಮೊಳದ ದೂರದಲ್ಲಿ ರಾಟಿ ತಿರುಗಿಸುತ್ತಿದ್ದೆ. ಹೇಳಬೇಕಾದ ಗಳಿಗೆ ಅದೇ ಆಗಿತ್ತು. ನಾನು ರಾಟಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದೆ. ಹೋಗುವಾಗ ಅಕ್ಕೋರು ಮಂಜುವಿನ ಗಲ್ಲ ಮುಟ್ಟಿ, “ಬರ್ತೀನೋ ರಾಜಾ,” ಎಂದರು. ಅವನು ನೂಲಿನ ಕಡೆಗೆ ಬಗ್ಗಿದ.

ದೀಪಾವಳಿ ಆದ ಮೇಲೆ ಒಂದು ಮುಂಜಾನೆ ಅಪ್ಪ ತೊಳೆದ ಅಂಗಿ ಹಾಕಿಕೊಂಡ. ಶಾಲೆಗೆ ಹೋಗಿ ಮಂಜುವಿನ ಹೆಸರು ತೆಗೆಸುವುದಕ್ಕೆ. ಅವನಿಗಾಗಿ ಒಂದು ಹೊಸ ರಾಟಿ ಆಗಲೇ ಮನೆಗೆ ಬಂದಿತ್ತು, ಮಂಜು ಅದರ ಮುಂದೆ ಕೂತಿದ್ದ. ಅವ್ವ ಒಲೆಯ ಮುಂದೆ ಇದ್ದಳು, ಆದರೆ ರೊಟ್ಟಿ ಬಡಿಯುವ ಸದ್ದು ಇರಲಿಲ್ಲ. ಆ ಸದ್ದಿಲ್ಲದ್ದನ್ನು ನನ್ನಿಂದ ತಡೆಯಲಾಗಲಿಲ್ಲ. ಅಪ್ಪ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಹೇಳಿದೆ.

“ಅಪ್ಪಾ, ಹಾಡಿದಾಕಿ ನಾನು. ಆವತ್ತ ನಾ ನೇಯೂವಾಗ ಮಂಜ್ಯಾ ಮನ್ಯಾಗ ಇರಲೇ ಇಲ್ಲ.”

ಅಪ್ಪ ನನ್ನತ್ತ ತಿರುಗಿದ.

“ತಮ್ಮನ್ನ ಶಾಲ್ಯಾಗ ಉಳಸಾಕ ಸುಳ್ಳ ಹೇಳಾಕತ್ತೀಯೇನ?”

“ಇಲ್ಲಪ್ಪಾ, ಖರೇನ.”

“ಆಗೂ ಖರೇ ಅಂತನ ಹೇಳಿದ್ದಿ. ನಿನ್ನ ಬಾಯಿ ನಾ ನಂಬೂದಿಲ್ಲ ಈಗ. ಕುಂಡ್ರು. ಆವತ್ತ ಹೆಂಗ ನೇಯ್ದಿ, ಹಂಗ ನೇಯಿ.”

ಆ ಮಾತು ಕಪಾಳಕ್ಕೆ ಹೊಡೆದದ್ದಕ್ಕಿಂತ ಹೆಚ್ಚು ನೋಯಿಸಿತು. ಕುಣಿಗೆ ಇಳಿದೆ. ಅವ್ವ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು, ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಅಪ್ಪ ಚಪ್ಪಲಿ ಬಿಟ್ಟು ಬಂದು ಬಟ್ಟೆಯ ಅಂಚಿಗೆ ಕಣ್ಣಿಟ್ಟು ಕೂತ. ಅಪ್ಪನ ಎದುರು, ಅವನ ಮಗ್ಗದ ಮೇಲೆ, ನಾನು ಹಾಡತೊಡಗಿದೆ. ಏಳೊಂದ್ಲೆ ಏಳು, ಹಲಗೆಗೆ ಎರಡು ಪೆಟ್ಟು. ಏಳೆರಡ್ಲೆ ಹದಿನಾಕು, ಎರಡು ಪೆಟ್ಟು. ಕಣ್ಣಲ್ಲಿ ನೀರು ತುಂಬಿ ಎಳೆಗಳು ಒಂದಕ್ಕೊಂದು ಕೂಡಿಕೊಂಡಂತೆ ಕಾಣುತ್ತಿದ್ದವು. ಏಳೇಳ್ಲೆ ನಲವತ್ತೊಂಬತ್ತರವರೆಗೆ ಹೇಗೋ ಬಂದೆ.

“ಏಳೆಂಟ್ಲೆ ಐವತ್ನಾಕು—”

“ಐವತ್ತಾರು!”

ರಾಟಿಯ ಕಡೆಯಿಂದ ಬಂತು ಅದು. ಬರೀ ಹೇಳಿದ್ದಲ್ಲ, ರಾಗದಲ್ಲಿ, ನಾನು ತಪ್ಪಿದ ಜಾಗಕ್ಕೆ ಸರಿಯಾಗಿ ಬಂದು ಕೂತ ದನಿ. ಅಪ್ಪ ತಿರುಗಿದ. ಮಂಜು ಎದ್ದು ನಿಂತಿದ್ದ. ಕೈಯಲ್ಲಿ ನೂಲು ಇತ್ತು, ಮುಖ ಕೆಂಪಾಗಿತ್ತು. ನಿಲ್ಲಿಸಿದರೆ ಬಿದ್ದೇ ಹೋಗುತ್ತೇನೆ ಎನ್ನುವವನ ಹಾಗೆ ಏಳೊಂಬತ್ಲೆ ಅರವತ್ತಮೂರು, ಏಳ್ಹತ್ಲೆ ಎಪ್ಪತ್ತು ಮುಗಿಸಿ, ನೂಲು ಹಿಡಿದ ಕೈಯಲ್ಲೇ ಎರಡು ಚಪ್ಪಾಳೆಯನ್ನೂ ಹೊಡೆದ. ಅಷ್ಟು ವಾರಗಳಲ್ಲಿ ಅವನ ಗಂಟಲಿನಿಂದ ಬಂದ ಮೊದಲ ಹಾಡು ಅದು.

ಅಪ್ಪ ನಾನು ನೇಯ್ದಷ್ಟನ್ನು ಹೆಬ್ಬೆರಳಿನಿಂದ ಸವರಿದ. ಗೆರೆಗಳು ಅವನ ಬೆರಳಿಗೆ ಸಿಕ್ಕವು. ಒಂದೊಂದೇ ಎಳೆಯನ್ನು ಬಿಚ್ಚತೊಡಗಿದ.

“ಚೀಲಾ ತಗೋಳಲೇ,” ಎಂದ ತಲೆಯೆತ್ತದೆ. “ತಡಾ ಆತು ಶಾಲಿಗೆ. ಶನಿವಾರದ ತಾಸಿಗೂ ಕುಂಡ್ರು.” ಆಮೇಲೆ ನನಗೆ, “ಯುಗಾದಿ ತನಕ ನೀ ಕುಣಿಗೆ ಇಳೀಬ್ಯಾಡ.”

ಒಳಗೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು.

ಕಥೆ ಅಲ್ಲಿಗೆ ಸುಖವಾಯಿತು ಎಂದು ಬಿಡಬಹುದಿತ್ತು. ಮಂಜು ಆ ವರ್ಷ ಪಾಸಾದ, ಮುಂದೆಯೂ ಕಲಿತ, ಬಸ್ಸಿನಲ್ಲಿ ಕಂಡಕ್ಟರ್ ಆಗಿ ಈ ಸೀಮೆಯ ಊರುಗಳನ್ನೆಲ್ಲ ಸುತ್ತಿದ. ಆದರೆ ಅಕ್ಕೋರು ಸಂಕ್ರಾಂತಿ ಮುಗಿದ ಕೂಡಲೇ ಮದುವೆಯಾಗಿ ಮುಂಡರಗಿಗೆ ಹೋದರು. ಅವರೊಂದಿಗೆ ಹಾರ್ಮೋನಿಯಂ ಕೂಡ ಹೋಯಿತು. ಆ ಶಾಲೆಗೆ ಮತ್ತೆ ಹಾಡಿನ ತಾಸು ಬರಲಿಲ್ಲ. ನನ್ನ ತಮ್ಮನಿಗೆ ಜೀವಮಾನದಲ್ಲಿ ಸಿಕ್ಕಿದ್ದ ಶನಿವಾರಗಳೇ ಸ್ವಲ್ಪ. ಅದರಲ್ಲಿ ದೊಡ್ಡ ಪಾಲನ್ನು ನಾನು ತಿಂದೆ. ಅವನಿಗೆ ಇನ್ನೇನು ಬರುತ್ತಿತ್ತೋ, ಯಾವ ರಾಗ ಅವನನ್ನು ಎಲ್ಲಿಗೆ ಒಯ್ಯುತ್ತಿತ್ತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದೇ ನನಗೆ ಹೆಚ್ಚು ಚುಚ್ಚುತ್ತದೆ.

ಅವ್ವ ಅಪ್ಪ ಇಬ್ಬರೂ ತೀರಿಹೋದ ಮೇಲೆ ಒಮ್ಮೆ ಇದನ್ನು ಮಂಜುವಿನ ಮುಂದೆ ತೆಗೆದೆ. ನಮ್ಮ ಮನೆಗೆ ಬಂದಿದ್ದ, ಚಹಾ ಕುಡಿಯುತ್ತಿದ್ದ. ತಪ್ಪಾಯಿತು ಎನ್ನಲು ನನಗೆ ಇಷ್ಟು ವರ್ಷ ಬೇಕಾಯಿತು ಎಂದೆ. ಅವನು ಉಳಿದ ಚಹಾ ಕುಡಿದು ಬಟ್ಟಲು ಕೆಳಗಿಟ್ಟ.

“ಅಕ್ಕಾ, ಒಂದ ಮಾತ ಹೇಳ್ಲಿ? ಆವತ್ತ ಅಪ್ಪ ನಿನ್ನ ಕುಣ್ಯಾಗ ಕುಂಡ್ರಿಸಿದಾಗ ನಾ ಬಾಯಿ ಬಿಡಬಾರದು ಅಂತ ಮಾಡಿದ್ದೆ. ನನಗ ಶಾಲಿ ಬ್ಯಾಡಾಗಿತ್ತು. ಮನ್ಯಾಗ ಬಡತ ಇರಲಿಲ್ಲ, ನಗೂವ್ರು ಇರಲಿಲ್ಲ, ನಿನ್ನ ಬಾಜೂಕ ಕುಂತು ರಾಟಿ ತಿರುವಿದ್ರ ಆತು ಅನಸಿಬಿಟ್ಟಿತ್ತು. ಅಪ್ಪ ಹೆಸರ ತಗಸಿ ಬಂದ್ರ ಛಲೋನ ಆಕ್ಕೈತಿ ಅಂತ ಸುಮ್ನ ಕುಂತಿದ್ದೆ.”

“ಮತ್ಯಾಕ ಕೂಗಿದಿ?”

“ನೀ ತಪ್ಪ ಹಾಡಿದ್ಯಲ್ಲ,” ಎಂದ. “ಅಷ್ಟ ಚಂದದ ಹಾಡು. ಹೆಂಗ ಬಿಡ್ಲಿ?”